ಕೆಮ್ಮಿದರೆ ಸೋರುತ್ತದೆ: ಆಪರೇಷನ್ ಬಿಟ್ಟು ನಿಮಗೆ ಯಾವುದು ಕೈಹಿಡಿಯಿತು?

ಬಸವನಗುಡಿ ಟೀಚರ್:
ವಯಸ್ಸು 43, ಎರಡು ನಾರ್ಮಲ್ ಹೆರಿಗೆ. ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಸೋರುತ್ತದೆ. ಡಾಕ್ಟರ್ ನೋಡಿ ಸ್ಟ್ರೆಸ್ ಇನ್‌ಕಾಂಟಿನೆನ್ಸ್ (ಹೊಟ್ಟೆಯ ಮೇಲೆ ಒತ್ತಡ ಬಿದ್ದಾಗ ಮೂತ್ರ ಸೋರುವುದು) ಎಂದರು. ಆಪರೇಷನ್ ಸದ್ಯಕ್ಕೆ ಬೇಡ ಅನಿಸಿದೆ. ಫಿಸಿಯೋ, ಪೆಸರಿ (ಯೋನಿಯೊಳಗೆ ಇಟ್ಟುಕೊಳ್ಳುವ ರಿಂಗ್), ಯೋನಿಯೊಳಗೆ ಮಾಡುವ ಲೇಸರ್ ಅಂತ ಮೂರು ದಾರಿ ಕೇಳಿದ್ದೇನೆ. ಕ್ಲಾಸಿನಲ್ಲಿ ಐದು ಗಂಟೆ ನಿಂತೇ ಇರಬೇಕು. ಮಾಡಿಸಿಕೊಂಡವರು ದಯವಿಟ್ಟು ಹೇಳಿ.

ಜಯನಗರ ವಾಕಿಂಗ್:
ನಾನು ಒಂದೂವರೆ ವರ್ಷ ಕೀಗಲ್ (ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿ ಮಾಡಿ ಬಿಡುವ ವ್ಯಾಯಾಮ) ತಪ್ಪಾಗಿ ಮಾಡಿದೆ. ಚೀಟಿಯ ಮೂಲೆಯಲ್ಲಿ ‘ಕೀಗಲ್’ ಎಂದು ಬರೆದು ಕಳಿಸಿದ್ದರು, ಯಾರೂ ತೋರಿಸಿಕೊಡಲಿಲ್ಲ. ಉಸಿರು ಬಿಗಿಹಿಡಿದು ಹೊಟ್ಟೆ, ತೊಡೆ ಎಲ್ಲ ಬಿಗಿ ಮಾಡುತ್ತಿದ್ದೆ. ಕೊನೆಗೆ ಪೆಲ್ವಿಕ್ ಫ್ಲೋರ್ (ಆ ಸ್ನಾಯುಗಳ) ಫಿಸಿಯೋ ಪರೀಕ್ಷೆ ಮಾಡಿ, "ನೀವು ಮೇಲಕ್ಕೆ ಎಳೆಯುತ್ತಿಲ್ಲ, ಕೆಳಕ್ಕೆ ತಳ್ಳುತ್ತಿದ್ದೀರಿ" ಎಂದರು. ಅವತ್ತು ಆಟೋದಲ್ಲಿ ಅತ್ತುಬಿಟ್ಟೆ. 10 ಸೆಷನ್, ಸೆಷನ್‌ಗೆ 1,100, ಆಟೋಗೆ ಹೋಗಿ ಬರಲು 360. ಒಟ್ಟು 14,600. ಇನ್ಶೂರೆನ್ಸ್‌ನಿಂದ ಒಂದು ರೂಪಾಯಿ ಬರಲಿಲ್ಲ. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಎಂಟು ಸಲ. ಸೀನು ಬರುತ್ತಿದೆ ಅನಿಸಿದ ತಕ್ಷಣ ಬಿಗಿ ಹಿಡಿಯುವುದನ್ನೂ ಕಲಿಸಿದರು. ಎರಡು ತಿಂಗಳು ಏನೂ ಆಗಲಿಲ್ಲ, ಬಿಡೋಣ ಅನಿಸಿತ್ತು. 11ನೇ ವಾರ ಲಾಲ್‌ಬಾಗ್ ಬಂಡೆ ಇಳಿಯುವಾಗ ಕೆಮ್ಮು ಹತ್ತಿತು. ಒಂದು ಹನಿ ಬೀಳಲಿಲ್ಲ.

ವೈಟ್‌ಫೀಲ್ಡ್ 38:
ಲೇಸರ್ ಕಡೆ ತಲೆ ಹಾಕಬೇಡಿ. ಮೂರು ಸಿಟ್ಟಿಂಗ್, ಒಂದಕ್ಕೆ 28,000. ಒಟ್ಟು 84,000, ಅದೂ ಇಎಂಐನಲ್ಲಿ. ‘ಊಟದ ಬಿಡುವಿನಲ್ಲಿ ಮುಗಿಯುತ್ತೆ’ ಎಂದಿದ್ದರು. ನಾಲ್ಕು ತಿಂಗಳು ಚೆನ್ನಾಗಿತ್ತು, ಐದನೇ ತಿಂಗಳು ಮತ್ತೆ ಶುರು. ವಾಪಸ್ ಹೋದರೆ ‘ಮೇಂಟೆನೆನ್ಸ್ ಸಿಟ್ಟಿಂಗ್ ಬೇಕು’ ಎಂದರು. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ 2018ರಲ್ಲೇ ಇಂಥ ಲೇಸರ್ ಯಂತ್ರಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಮೂತ್ರ ಸೋರುವುದಕ್ಕೆ ಅದರ ಒಪ್ಪಿಗೆಯೇ ಇಲ್ಲ. ನನಗೆ ಇದು ಗೊತ್ತಾಗಿದ್ದು ಕೊನೆಯ ಕಂತು ಕಟ್ಟಿದ ಮೇಲೆ.

ರಾಜಾಜಿನಗರ ಅಮ್ಮ:
ನಿಮಗೆ ಆಗಲಿಲ್ಲ ಅಂತ ಎಲ್ಲರನ್ನೂ ಹೆದರಿಸಬೇಡಿ. ನನಗೆ ಲೇಸರ್ ಆಗಿ ಎರಡು ವರ್ಷ. ಈಗ ಪ್ಯಾಡ್ ಇಲ್ಲದೆ ಮೈಸೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಜೊತೆಗೆ 82 ಕೆಜಿಯಿಂದ 74ಕ್ಕೆ ಇಳಿದೆ, ವ್ಯಾಯಾಮವನ್ನೂ ಬಿಟ್ಟಿಲ್ಲ.

ವೈಟ್‌ಫೀಲ್ಡ್ 38:
ಎಂಟು ಕೆಜಿ ಇಳಿಸಿ, ವ್ಯಾಯಾಮ ಮಾಡಿ, ಗುಣವಾಗಿದ್ದು ಲೇಸರ್‌ನಿಂದ ಅಂತ ಹೇಗೆ ಹೇಳುತ್ತೀರಿ? ತೂಕ ಇಳಿದರೇ ಸೋರುವುದು ಕಡಿಮೆಯಾಗುತ್ತದೆ ಅಲ್ವಾ?

ರಾಜಾಜಿನಗರ ಅಮ್ಮ:
ನನ್ನ ದೇಹ ನನಗೆ ಗೊತ್ತು. ನೀವು ಎಷ್ಟು ದಿನ ವ್ಯಾಯಾಮ ಮಾಡಿದಿರಿ, ಅದನ್ನು ಮೊದಲು ಹೇಳಿ.

ಮೂರನೇ ಮಹಡಿ:
ಪೆಸರಿ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನನಗೆ 57. ಸಿಲಿಕೋನ್ ರಿಂಗ್, ಒಂದು ಕಡೆ ಗುಬಟು ಇರುತ್ತದೆ. ಅದು ಮೂತ್ರನಾಳಕ್ಕೆ ಆಸರೆ ಕೊಡುತ್ತದೆ. ಮೊದಲ ಸೈಜ್ ಎರಡನೇ ದಿನವೇ ಟಾಯ್ಲೆಟ್‌ನಲ್ಲಿ ಜಾರಿ ಬಿತ್ತು. ಎರಡನೆಯದು ಎಷ್ಟು ಒತ್ತಿತು ಅಂದರೆ ಕುಳಿತುಕೊಳ್ಳಲು ಆಗಲಿಲ್ಲ. ಮೂರನೆಯದು ಸರಿಹೋಯಿತು. ಮುಟ್ಟು ನಿಂತು ಆರು ವರ್ಷ ಆಗಿತ್ತು, ಒಳಗೆ ಒಣಗಿ ಉರಿ. ಡಾಕ್ಟರ್ ಈಸ್ಟ್ರೋಜನ್ ಕ್ರೀಮ್ ಕೊಟ್ಟ ಮೇಲೆ ಉರಿ ನಿಂತಿತು. ಈಗ ನಾನೇ ತೆಗೆದು ತೊಳೆದು ಹಾಕಿಕೊಳ್ಳುತ್ತೇನೆ. ನಮ್ಮ ಬಿಲ್ಡಿಂಗ್‌ನಲ್ಲಿ ಲಿಫ್ಟ್ ಕೆಟ್ಟಾಗ ನೀರಿನ ಕ್ಯಾನ್ ಹೊತ್ತು ಮೆಟ್ಟಿಲು ಹತ್ತಿದ್ದೇನೆ.

ಮಲ್ಲೇಶ್ವರ ಯೋಗ:
ಇಷ್ಟೆಲ್ಲ ಖರ್ಚು ಸುಮ್ನೆ. ಮೂಲಬಂಧ (ಕೆಳಗಿನ ಸ್ನಾಯುಗಳನ್ನು ಒಳಕ್ಕೆ ಎಳೆದು ಹಿಡಿಯುವ ಯೋಗಕ್ರಿಯೆ) ಮಾಡಿ, ಕಾಫಿ ಬಿಡಿ, ಸಾಕು. ಬಾಣಂತನದಲ್ಲಿ ಸೀರೆಯಿಂದ ಹೊಟ್ಟೆ ಬಿಗಿಯಾಗಿ ಕಟ್ಟಿದ್ದರೆ ಈ ತೊಂದರೆಯೇ ಬರುತ್ತಿರಲಿಲ್ಲ. ಈಗಿನವರಿಗೆ ತಾಳ್ಮೆ ಇಲ್ಲ.

ಜಯನಗರ ವಾಕಿಂಗ್:
ಕಾಫಿ ಬಿಡಿ ಅನ್ನುವುದು ಹೆಚ್ಚಾಗಿ ತಡೆಯಲಾಗದೆ ಅರ್ಜೆಂಟ್ ಆಗುವವರಿಗೆ. ಇವರಿಗೆ ಸೋರುವುದು ಕೆಮ್ಮಿದಾಗ. ಎರಡೂ ಬೇರೆ. ನನಗೂ 40 ದಿನ ಹೊಟ್ಟೆ ಕಟ್ಟಿದ್ದರು, ಆದರೂ ಸೋರಿತು. ಬಿಗಿಯಾಗಿ ಕಟ್ಟಿದರೆ ಒತ್ತಡ ಕೆಳಕ್ಕೆ ಬೀಳುತ್ತದೆ ಎಂದು ನನ್ನ ಫಿಸಿಯೋ ಹೇಳಿದರು.

ಮಲ್ಲೇಶ್ವರ ಯೋಗ:
ನಮ್ಮ ಅಮ್ಮ, ಅಜ್ಜಿ ಎಲ್ಲರೂ ಹಾಗೇ ಕಟ್ಟಿಕೊಂಡವರು. ಅವರಲ್ಲಿ ಯಾರಿಗೂ ಈ ಕಾಯಿಲೆ ಇರಲಿಲ್ಲ.

ಜಯನಗರ ವಾಕಿಂಗ್:
ಇರಲಿಲ್ಲವೋ, ಹೇಳಲಿಲ್ಲವೋ? ನನ್ನ ಅತ್ತೆಗೆ 78. ಮದುವೆ ಮನೆಗಳಿಗೆ ಹೋಗುವುದನ್ನು ಬಿಟ್ಟು 20 ವರ್ಷ ಆಯಿತು. ಮಂಡಿ ನೋವು ಅನ್ನುತ್ತಿದ್ದರು. ನಾನು ಫಿಸಿಯೋಗೆ ಹೋಗುತ್ತಿರುವುದು ಯಾಕೆ ಅಂತ ಗೊತ್ತಾದ ಮೇಲೆ, ಅಡುಗೆಮನೆಯ ಬಾಗಿಲು ಹಾಕಿ, "ನನ್ನನ್ನೂ ಕರ್ಕೊಂಡು ಹೋಗ್ತೀಯಾ?" ಎಂದು ಕೇಳಿದರು. ಬುಧವಾರ 11 ಗಂಟೆಗೆ ಅವರ ಮೊದಲ ಸೆಷನ್.