ಚಳಿಗೆ ಆಮೆ ಊಟ ಬಿಟ್ಟಿದೆ, ತೊಟ್ಟಿ ನೀರು ಬೆಚ್ಚಗಿಡೋದು ಹೇಗೆ?

ಕೇಳಿದವರು, ದಾವಣಗೆರೆ ವಿನೋಬನಗರ

ಮಗಳಿಗೆ ಅವಳ ಸೋದರಮಾವ ರೆಡ್ ಇಯರ್ಡ್ ಸ್ಲೈಡರ್ ಆಮೆ ಮರಿ ತಂದುಕೊಟ್ಟಿದ್ದಾರೆ. ಎರಡೂವರೆ ಅಡಿ ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದೇವೆ. ಡಿಸೆಂಬರ್ ಶುರುವಾದಾಗಿನಿಂದ ಸರಿಯಾಗಿ ತಿನ್ನುತ್ತಿಲ್ಲ, ಮೂಲೆಯಲ್ಲಿ ಸುಮ್ನೆ ಕೂತಿರುತ್ತದೆ. ಹೀಟರ್ ಹಾಕಲೇಬೇಕಾ? ರಾತ್ರಿ ಕರೆಂಟ್ ಹೋದರೆ ಏನು ಮಾಡೋದು? ಸಾಕಿದವರು ದಯವಿಟ್ಟು ಹೇಳಿ. ಮಗಳು ದಿನಾ ಅಳುತ್ತಾಳೆ.

ದಾವಣಗೆರೆ ವಿದ್ಯಾನಗರದಿಂದ

ಅಕ್ಕ, ಹೀಟರ್ ಇವತ್ತೇ ಹಾಕಿ. ಆಮೆಗೆ ನಮ್ಮ ಹಾಗೆ ಒಳಗಿನಿಂದ ಮೈಬಿಸಿ ಇರುವುದಿಲ್ಲ. ನೀರು ಎಷ್ಟು ತಣ್ಣಗೋ ಅದರ ಮೈಯೂ ಅಷ್ಟೇ ತಣ್ಣಗೆ. ಆಗ ತಿಂದದ್ದು ಅರಗುವುದಿಲ್ಲ, ಅದಕ್ಕೇ ತಿನ್ನುವುದು ಬಿಡುತ್ತದೆ. ಮರಿಗೆ ನೀರು 26ರಿಂದ 28 ಡಿಗ್ರಿ ಇರಲಿ. ದೊಡ್ಡದಾದ ಮೇಲೆ 24–26 ಸಾಕು.

ನಮ್ಮೂರಲ್ಲಿ ಡಿಸೆಂಬರ್ ಮಧ್ಯಾಹ್ನವೂ ಬಿಸಿಲು ಚುರುಗುಟ್ಟುತ್ತದೆ ಅಲ್ವಾ, ಹಾಗಾಗಿ ಹೀಟರ್ ಯಾಕೆ ಅನ್ನಿಸುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಅಳತೆ ನೋಡುತ್ತಿದ್ದದ್ದು ಮಧ್ಯಾಹ್ನ, ಊಟ ಹಾಕುವಾಗ. ಆಗ 24 ತೋರಿಸುತ್ತಿತ್ತು. ಜನವರಿಯ ಒಂದು ಬೆಳಿಗ್ಗೆ ಬೇಗ ಎದ್ದು ನೋಡಿದರೆ ಆಮೆ ಎಡಕ್ಕೆ ವಾಲಿಕೊಂಡು ತೇಲುತ್ತಿತ್ತು. ಮೂಗಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ. ಉಬ್ಬುತ್ತಿತ್ತು, ಒಡೆಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ನೀರು 19 ಡಿಗ್ರಿ ಇತ್ತು. ಬಕೆಟ್ಟಿನಲ್ಲಿ ಒದ್ದೆ ಟವೆಲ್ ಹಾಸಿ ಅದರ ಮೇಲೆ ಇಟ್ಟುಕೊಂಡು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಓಡಿದೆ. ಶ್ವಾಸಕೋಶಕ್ಕೆ ಸೋಂಕು ಆಗಿತ್ತು. ಇಂಜೆಕ್ಷನ್ ಕೊಟ್ಟರು, ಜೊತೆಗೆ ನೀರು 28ಕ್ಕೆ ಏರಿಸಲೇಬೇಕು, ಮೈ ಬೆಚ್ಚಗಾಗದೆ ಔಷಧಿ ಹಿಡಿಯುವುದಿಲ್ಲ ಅಂದರು. ಒಂಬತ್ತನೇ ದಿನ ಅದು ಒಂದು ಕಾಳು ತಿಂದಾಗ ಮನೆಯವರೆಲ್ಲ ತೊಟ್ಟಿ ಸುತ್ತ ನಿಂತಿದ್ದೆವು. ಅದಕ್ಕೇ ಹೇಳುತ್ತಿದ್ದೇನೆ, ಬೆಳಗಿನ ಜಾವ ಐದೂವರೆಗೆ ಅಳತೆ ನೋಡಿ. ದಿನದಲ್ಲಿ ನೀರು ಜಾಸ್ತಿ ತಣ್ಣಗಿರುವುದು ಆಗಲೇ.

100 ವ್ಯಾಟಿನ ಒಂದು ಹೀಟರ್ ಬೇಡ, ಥರ್ಮೋಸ್ಟಾಟ್ (ಇಟ್ಟ ಡಿಗ್ರಿ ಮುಟ್ಟಿದಾಗ ತಾನೇ ಆಫ್ ಆಗುವ ವ್ಯವಸ್ಥೆ) ಇರುವ 50 ವ್ಯಾಟಿನವು ಎರಡು ತನ್ನಿ. ಲೀಟರಿಗೆ ಸುಮಾರು ಒಂದು ವ್ಯಾಟ್ ಲೆಕ್ಕ. ಒಂದು ಕೆಟ್ಟು ನಿಂತರೆ ಇನ್ನೊಂದು ಸ್ವಲ್ಪ ಕಾಪಾಡುತ್ತದೆ. ಒಂದು ಆಫ್ ಆಗದೆ ಉರಿಯುತ್ತಲೇ ಇದ್ದರೂ ನೀರು ಏರುವುದು ನಿಧಾನ, ನಮಗೆ ಗೊತ್ತಾಗಲು ಸಮಯ ಸಿಗುತ್ತದೆ. ಹೀಟರಿನ ತಿರುಗುಣಿ ಮೇಲಿನ ನಂಬರ್ ನಂಬಬೇಡಿ. ನನ್ನದರಲ್ಲಿ 26ಕ್ಕೆ ಇಟ್ಟರೆ ನೀರು 29ಕ್ಕೆ ಹೋಗುತ್ತಿತ್ತು. ವೈರ್ ಇರುವ ಡಿಜಿಟಲ್ ಥರ್ಮಾಮೀಟರನ್ನು ಹೀಟರಿನಿಂದ ದೂರದ ಮೂಲೆಯಲ್ಲಿ ಬಿಡಿ. ಮೊದಲ ದಿನವೇ ಒಮ್ಮೆಲೇ ಏರಿಸಬೇಡಿ, ಒಂದೆರಡು ದಿನದಲ್ಲಿ ನಿಧಾನವಾಗಿ ಏರಲಿ.

ಇನ್ನೊಂದು ಮಾತು, ಮಗು ಇರುವ ಮನೆ ಅಂತ ಒತ್ತಿ ಹೇಳುತ್ತೇನೆ. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕೀಳಿ, ಪ್ರತಿ ಸಲ. ನೀರು ಬದಲಿಸುವಾಗ ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ನೀರು ಇಳಿಸಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಸೀಳುತ್ತದೆ. ಹೀಟರಿಗೆ ತೂತಿನ ಪ್ಲಾಸ್ಟಿಕ್ ಕವಚ ಹಾಕಿ, ಇಲ್ಲದಿದ್ದರೆ ಆಮೆ ಗುದ್ದಿ ಒಡೆಯುತ್ತದೆ. ಆಮೆ ಮುಟ್ಟಿದ ಮೇಲೆ ಮಗಳು ಸೋಪು ಹಾಕಿ ಕೈ ತೊಳೆಯಲಿ, ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ರೋಗಾಣು ಅಂಟುತ್ತದೆ.

ಚಿತ್ರದುರ್ಗದಿಂದ

ಮೇಲೆ ಹೇಳಿದ್ದಕ್ಕೆ ಇಷ್ಟು ಸೇರಿಸುತ್ತೇನೆ. ನೀರು ಬೆಚ್ಚಗಿದ್ದರೆ ಸಾಲದು, ಮೈ ಒಣಗಿಸಿಕೊಳ್ಳಲು ಬಿಸಿಯಾದ ಒಂದು ಕಲ್ಲೂ ಬೇಕು. ನಮ್ಮ ಕೋಟೆಗೆ ಬೆಳಿಗ್ಗೆ ವಾಕಿಂಗ್ ಹೋದರೆ ಓತಿಕ್ಯಾತಗಳು ಬಂಡೆ ಮೇಲೆ ಬಿಸಿಲು ಕಾಯುತ್ತಿರುತ್ತವೆ. ಬಂಡೆ ಕಾದ ಮೇಲೆ ಸಂದಿಗೆ ಸರಿಯುತ್ತವೆ. ಎಲ್ಲಿ ಇರಬೇಕು ಅಂತ ಅವೇ ಆರಿಸಿಕೊಳ್ಳುತ್ತವೆ. ತೊಟ್ಟಿಯಲ್ಲೂ ಹಾಗೇ, ಒಂದು ಕಡೆ ಕಲ್ಲಿನ ಮೇಲೆ 32–35, ಇನ್ನೊಂದು ಕಡೆ ನೀರಿನ ಹದ. ಕೋಳಿ ಫಾರಂನಲ್ಲಿ ಮರಿಗಳಿಗೆ ಹಾಕುತ್ತಾರಲ್ಲ, ಆ ತಂತಿ ಬಲ್ಬ್ 60 ವ್ಯಾಟಿನದು ಸಾಕು. ಎಲ್‌ಇಡಿ ಬೇಡ, ಅದರಿಂದ ಶಾಖ ಬರುವುದಿಲ್ಲ. ಬಲ್ಬ್ ಎತ್ತರವನ್ನು ಕಲ್ಲಿನ ಮೇಲೆ ಥರ್ಮಾಮೀಟರ್ ಇಟ್ಟು ನೋಡಿ ಗೊತ್ತು ಮಾಡಿ. ರಾತ್ರಿ ಆರಿಸಿ.

ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಿಂದ ಚಿಪ್ಪಿಗೆ ಲಾಭವಿಲ್ಲ, ಚಿಪ್ಪು ಗಟ್ಟಿಯಾಗಲು ಬೇಕಾದ ಬಿಸಿಲಿನ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ. ಯುವಿಬಿ ಟ್ಯೂಬ್ ಹಾಕಿ, ಇಲ್ಲವೇ ಬಿಸಿಲು ಹದವಾದ ಮೇಲೆ ಟಬ್ಬಿನಲ್ಲಿ ತಾರಸಿಗೆ ಒಯ್ಯಿರಿ. ಅರ್ಧ ಟಬ್ಬಿಗೆ ನೆರಳು ಇರಲೇಬೇಕು, ಪಕ್ಕದಲ್ಲಿ ಯಾರಾದರೂ ಕೂತಿರಬೇಕು.

ಕರೆಂಟ್ ವಿಷಯಕ್ಕೆ ಬಂದರೆ, ಎರಡು ಹೀಟರ್ ಅಂದರೆ ಇನ್ವರ್ಟರಿಗೆ ಒಂದೂವರೆ ಫ್ಯಾನಿನಷ್ಟು ಭಾರ. ಇನ್ವರ್ಟರ್ ಇಲ್ಲದಿದ್ದರೂ ಹೆದರಬೇಡಿ, ನೀರು ಬೇಗ ತಣಿಯುವುದಿಲ್ಲ. ತೊಟ್ಟಿಯ ಕೆಳಗೆ, ಹಿಂದೆ ಥರ್ಮೋಕೋಲ್ ಹಾಳೆ ಇಡಿ. ಕರೆಂಟ್ ಹೋದ ಕೂಡಲೇ ಪ್ಲಗ್ ತೆಗೆದು, ಬಲ್ಬ್ ತಣ್ಣಗಾದ ಮೇಲೆ ಸುತ್ತ ಕಂಬಳಿ ಹೊದಿಸಿ. ನಮ್ಮ ಮನೆಯಲ್ಲಿ ಅಜ್ಜಿಯ ಚಳ್ಳಕೆರೆ ಕಂಬಳಿ ಈಗ ಆಮೆಯದು. ಮೇಲೆ ಗಾಳಿಯಾಡಲು ಜಾಗ ಬಿಡಿ. ಬಿಸಿ ನೀರನ್ನು ನೇರ ಸುರಿಯಬೇಡಿ, ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ತೇಲಿಬಿಡಿ. ಮಾರ್ಚ್ ಬಂದರೆ ಹೀಟರ್ ತೆಗೆದಿಡಿ. ಏಪ್ರಿಲ್‌ನಲ್ಲಿ ನೀರು 30 ದಾಟಿದರೆ ಅದೂ ಅಪಾಯವೇ.

ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಾಕಾಗದಿದ್ದರೆ ಕುಂದವಾಡ ಕೆರೆಗೆ ಬಿಟ್ಟುಬಿಡಿ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಬಿಡಬಹುದಾ?

ವಿದ್ಯಾನಗರದಿಂದ

ಖಂಡಿತ ಬೇಡ ಅಕ್ಕ. ಇದು ಅಮೆರಿಕದ ಆಮೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೆ. ಕೆರೆಗೆ ಬಿಟ್ಟರೆ ನಮ್ಮ ಆಮೆಗಳ ಊಟ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ಇಪ್ಪತ್ತು ಮೂವತ್ತು ವರ್ಷ ಬದುಕುವ ಪ್ರಾಣಿ, ಮಗಳ ಜೊತೆಗೇ ಬೆಳೆಯಲಿ. ಮೂಗಲ್ಲಿ ಗುಳ್ಳೆ ಇದೆಯಾ, ವಾಲಿ ಈಜುತ್ತದಾ, ಬಾಯಿ ತೆರೆದು ಉಸಿರಾಡುತ್ತದಾ ಮೊದಲು ನೋಡಿ. ಇದ್ದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಕೇಳಿದವರು, ನಾಲ್ಕು ದಿನದ ನಂತರ

ಗುಳ್ಳೆ ಇಲ್ಲ, ನೆಟ್ಟಗೇ ಈಜುತ್ತದೆ. ಮೊದಲ ದಿನ ಐದೂವರೆಗೆ 20 ಇತ್ತು. ಇವತ್ತು ಅದೇ ಹೊತ್ತಿಗೆ 26. ಮಗಳು ಕ್ಯಾಲೆಂಡರಿನಲ್ಲಿ ದಿನಾ ಬರೆಯುತ್ತಿದ್ದಾಳೆ. ಬೆಳಿಗ್ಗೆ ಎರಡು ಕಾಳು ತಿಂದು ಕಲ್ಲಿನ ಮೇಲೆ ಹತ್ತಿ ಹಿಂಗಾಲು ಚಾಚಿ ಮಲಗಿದೆ.