ಅಡಿಕೆ ತೋಟದ ವೀಡ್ ಕಟರ್: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಳೆ ಹೊಳವಾಗಿದೆ, ಎಲ್ಲರೂ ಹುಲ್ಲು ಹೊಡೆಯೋ ಮಿಷನ್ ಹೊರಗೆ ತೆಗೀತಿದ್ದೀರಿ. ಇವತ್ತು ಸಂಜೆ ಮೆಕ್ಯಾನಿಕ್ ಅಣ್ಣ ಉತ್ತರ ಕೊಡ್ತಾರೆ. ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ, ಕೊನೆಗೆ ಓಡಿಸಿದ್ದು ಯಾವಾಗ, ಇಷ್ಟು ಬರೆದು ಕೇಳಿ. ವಾಯ್ಸ್ ಮೆಸೇಜ್ ಬೇಡ.

ಪುತ್ತೂರು: ಟೂ ಸ್ಟ್ರೋಕ್. ಮೇ ತಿಂಗಳಿಂದ ಮುಟ್ಟಿಲ್ಲ, ಟ್ಯಾಂಕಿಯಲ್ಲಿ ಪೆಟ್ರೋಲ್ ಹಾಗೇ ಇತ್ತು. ಚೋಕ್ ಹಾಕಿದ್ರೆ ಒಮ್ಮೆ ಸ್ಟಾರ್ಟ್ ಆಗ್ತದೆ, ಚೋಕ್ ತೆಗೆದ ಕೂಡ್ಲೇ ನಿಲ್ತದೆ ಮಾರಾಯ್ರೆ.

ಮೆಕ್ಯಾನಿಕ್: ಆ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಅಲ್ಲಾಡಿಸದೆ ಇಡಿ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ. ಅದು ಮಳೆಗಾಲದ ತೇವ ಹೀರುತ್ತದೆ, ಮಿತಿ ಮೀರಿದರೆ ನೀರಿನ ಜೊತೆ ಸೇರಿ ತಳಕ್ಕಿಳಿಯುತ್ತದೆ. ಬಾಟಲಿಯ ತಳದಲ್ಲಿ ಬೇರೆ ಪದರ ಕಂಡರೆ ಅದನ್ನು ಮತ್ತೆ ಯಾವ ಎಂಜಿನ್ನಿಗೂ ಹಾಕಬೇಡಿ. ಟ್ಯಾಂಕಿಯೊಳಗಿನ ಫಿಲ್ಟರನ್ನು ಬಗ್ಗಿಸಿದ ತಂತಿಯಿಂದ ಎಳೆದು ಬದಲಿಸಿ. ಆಮೇಲೆ ಕಾರ್ಬುರೇಟರಿನ ಎರಡೂ ಮುಚ್ಚಳ ಬಿಚ್ಚಿ. ಒಳಗಿನ ಡಯಾಫ್ರಂ, ಅಂದರೆ ತೆಳು ಪೊರೆ, ಮೆತ್ತಗಿರಬೇಕು. ಬೆರಳಲ್ಲಿ ಒತ್ತಿದಾಗ ಕಟಕಟ ಅಂದರೆ ಅದರ ಆಯಸ್ಸು ಮುಗಿದಿದೆ, ಡಯಾಫ್ರಂ-ಗ್ಯಾಸ್ಕೆಟ್ ಕಿಟ್ ಹಾಕಿ. ಪಂಪ್ ಬದಿಯಲ್ಲಿ ಮೊದಲು ಡಯಾಫ್ರಂ, ಅದರ ಮೇಲೆ ಗ್ಯಾಸ್ಕೆಟ್. ಇನ್ನೊಂದು ಬದಿಯಲ್ಲಿ ಮೊದಲು ಗ್ಯಾಸ್ಕೆಟ್, ಮೇಲೆ ಡಯಾಫ್ರಂ. ಬಿಚ್ಚುವ ಮೊದಲು ಫೋಟೋ ತೆಗೆದಿಡಿ. ಜೆಟ್ಟಿಗೆ, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತಿಗೆ, ತಂತಿ ತೂರಿಸಬೇಡಿ, ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಸಾಕು.

ಕೊಪ್ಪ: ಅಣ್ಣಾ, ಟೂ ಸ್ಟ್ರೋಕಿಗೆ ಲೀಟರ್ ಪೆಟ್ರೋಲಿಗೆ ಬೆರೆಸೋ 2ಟಿ ಆಯಿಲ್ ಎಷ್ಟು?

ಮೆಕ್ಯಾನಿಕ್: 1:50 ಅಂದರೆ 20 ಎಂ.ಎಲ್. 1:25 ಅಂದರೆ 40. ನಿಮ್ಮ ಮಿಷನ್ನಿಗೆ ಯಾವುದು ಅಂತ ಅದರ ಪುಸ್ತಕದಲ್ಲಿದೆ.

ಸಾಗರ: ಫಾರ್ವರ್ಡ್ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: «ಒಂದು ಲೀಟರ್ ಪೆಟ್ರೋಲಿಗೆ ಎರಡು ನುಸಿಗುಳಿಗೆ ಹಾಕಿ, ಪವರ್ ಹೆಚ್ಚು, ಪೆಟ್ರೋಲ್ ಉಳಿತಾಯ.»

ಮೆಕ್ಯಾನಿಕ್: ದಯವಿಟ್ಟು ಯಾರೂ ಹಾಕಬೇಡಿ. ಗುಳಿಗೆ ಪೆಟ್ರೋಲಿನಲ್ಲಿ ಕರಗುತ್ತದೆ ನಿಜ. ಮಿಷನ್ ನಿಲ್ಲಿಸಿಟ್ಟಾಗ ಕಾರ್ಬುರೇಟರಿನ ಪೆಟ್ರೋಲ್ ಆರಿ, ಗುಳಿಗೆ ಮತ್ತೆ ಹರಳುಗಟ್ಟಿ ಜೆಟ್ಟಿನಲ್ಲಿ ಕೂರುತ್ತದೆ.

ಶಿರಸಿ: ಟೂ ಸ್ಟ್ರೋಕ್, ದಿನಾ ಓಡ್ತಾ ಇದೆ. ಸ್ವಲ್ಪ ಬಿಸಿ ಆದಮೇಲೆ ಎಕ್ಸಲೇಟರ್ ಬಿಟ್ರೂ ರೇಸ್ ಇಳಿಯೋದಿಲ್ಲ, ತಾನಾಗೇ ಏರ್ತದೆ. ಅರ್ಧ ಚೋಕ್ ಹಾಕಿದ್ರೆ ಸಮಾ ಆಗ್ತದೆ. ಅಂಗಡಿಯವರು ಹೊಸ ಕಾರ್ಬುರೇಟರ್ ಹಾಕಿ ಕೊಟ್ರು, ಆದ್ರೂ ಹಾಗೇ. ಕೆಲಸದವರು ಚೋಕ್ ಹಾಕ್ಕೊಂಡೇ ಹೊಡೀತಿದ್ದಾರೆ. ತೊಂದ್ರೆ ಇಲ್ವಲ್ಲ?

ಮೆಕ್ಯಾನಿಕ್: ತೊಂದರೆ ಇದೆ. ಫೋನ್ ಮಾಡಿ ಈಗಲೇ ನಿಲ್ಲಿಸಲು ಹೇಳಿ, ಆಮೇಲೆ ಮುಂದಿನದ್ದು ಓದಿ.

ಎಕ್ಸಲೇಟರ್ ಬಿಟ್ಟರೂ ಬ್ಲೇಡ್ ತಿರುಗುತ್ತಿದೆ ಅಂದರೆ ಹುಲ್ಲು ಬಿಡಿಸಲು ಬಗ್ಗಿದವರ ಕೈಕಾಲಿಗೆ ಅಪಾಯ. ಸ್ವಿಚ್ಚಿಗೂ ನಿಲ್ಲದಿದ್ದರೆ ಪೂರ್ತಿ ಚೋಕ್ ಎಳೆಯಿರಿ, ಪೆಟ್ರೋಲ್ ಹೆಚ್ಚಾಗಿ ಎಂಜಿನ್ ನಿಲ್ಲುತ್ತದೆ.

ಮೊದಲು ಕೇಬಲ್ ನೋಡಿ. ಕಾರ್ಬುರೇಟರ್ ಬದಿಯಲ್ಲಿ ಕೇಬಲ್ ಇದ್ದಾಗಲೂ ಕಳಚಿದಾಗಲೂ ಲಿವರ್ ಪಟ್ಟನೆ ಹಿಂದೆ ಬಂದರೆ ಕೇಬಲ್ಲಿನದ್ದೂ ಲಿವರಿನದ್ದೂ ತಪ್ಪಿಲ್ಲ. ಆಗ ಉಳಿಯುವುದು ಕಳ್ಳಗಾಳಿ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಮತ್ತು ಆಯಿಲ್ ಪಿಸ್ಟನ್ ಕೆಳಗಿನ ಗೂಡು, ಅಂದರೆ ಕ್ರ್ಯಾಂಕ್ ಕೇಸಿನ ಮೂಲಕವೇ ಮೇಲೆ ಹೋಗಬೇಕು. ಅಲ್ಲಿ ಎಲ್ಲಾದರೂ ಹೊರಗಿನ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗಿ ರೇಸ್ ಏರುತ್ತದೆ, ಶಾಖವೂ ಏರುತ್ತದೆ, ಏರಿದ ರೇಸಿಗೆ ಸಾಲುವಷ್ಟು ಆಯಿಲ್ ಪಿಸ್ಟನ್ನಿಗೆ ಸಿಗುವುದಿಲ್ಲ. ಚೋಕ್ ಹಾಕಿದಾಗ ಸರಿ ಕಾಣುವುದು ಪೆಟ್ರೋಲ್ ಹೆಚ್ಚಾಗುವುದರಿಂದ. ತೂತು ಹಾಗೇ ಇರುತ್ತದೆ. ಕಾರ್ಬುರೇಟರ್ ಬದಲಿಸಿದರೂ ಗುಣವಾಗದಿರಲು ಇದೇ ಕಾರಣ.

ಎಂಜಿನ್ ತಣ್ಣಗಾದ ಮೇಲೆ ಸೈಲೆನ್ಸರ್ ಬಿಚ್ಚಿ, ಹಗ್ಗ ನಿಧಾನ ಎಳೆದು ಟಾರ್ಚ್ ಹಿಡಿದು ಆ ಕಿಂಡಿಯಿಂದ ಪಿಸ್ಟನ್ ನೋಡಿ. ನಯವಾಗಿದ್ದರೆ ಸಮಯ ಮೀರಿಲ್ಲ. ಮೇಲಿಂದ ಕೆಳಗೆ ಗೀರು ಬಿದ್ದಿದ್ದರೆ ಜಾಮ್ ಆಗಲು ಶುರುವಾಗಿದೆ.

ಕಳ್ಳಗಾಳಿ ಹುಡುಕುವುದು: ಮೊದಲು ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ಕಪ್ಪು ಪ್ಲಾಸ್ಟಿಕ್ ಬ್ಲಾಕಿನ ಬೋಲ್ಟ್, ಅದರ ಗ್ಯಾಸ್ಕೆಟ್. ಸಡಿಲ ಆಗುವುದು ಹೆಚ್ಚಾಗಿ ಅಲ್ಲೇ. ಅದು ಬಿಗಿ ಇದ್ದರೆ ಒತ್ತಡದ ಪರೀಕ್ಷೆ. ಹಳೆ ಸೈಕಲ್ ಟ್ಯೂಬಿನ ತುಂಡಿಟ್ಟು ಸೈಲೆನ್ಸರ್ ಕಿಂಡಿ ಮತ್ತು ಕಾರ್ಬುರೇಟರ್ ಕಿಂಡಿ ಎರಡನ್ನೂ ಬಿಗಿಯಾಗಿ ಮುಚ್ಚಿ. ಪಿಸ್ಟನ್ ಪೂರ್ತಿ ಕೆಳಗಿರಲಿ. ಪ್ಲಗ್ ತೂತಿನಿಂದ ಕೈಪಂಪಿನಲ್ಲಿ 7 ಪಿ.ಎಸ್.ಐ. ಗಾಳಿ ಕೊಡಿ. ಕಂಪ್ರೆಸರ್ ಹಚ್ಚಬೇಡಿ, ಸೀಲ್ ಹೊರಗೆ ಹಾರುತ್ತದೆ. ಪಂಪಿನ ಮೀಟರಿನ ಮುಳ್ಳು ಇಳಿಯುತ್ತಿದ್ದರೆ ಸೋಪಿನ ನೀರು ಬಿಡಿ. ಕ್ರ್ಯಾಂಕಿನ ಎರಡು ತುದಿಯಲ್ಲಿ, ಅಂದರೆ ಫ್ಲೈವೀಲ್ ಹಿಂದೆ ಮತ್ತು ಕ್ಲಚ್ ಹಿಂದೆ, ಆಯಿಲ್ ಸೀಲ್ ಇವೆ. ಬಿಸಿಯಾದ ಮೇಲೆ ಮಾತ್ರ ರೇಸ್ ಏರುವ ಮಿಷನ್ನಿನಲ್ಲಿ ನನಗೆ ಮೊದಲು ಅನುಮಾನ ಅವುಗಳ ಮೇಲೇ. ಕ್ಲಚ್ ಒಳಗೆ ಎಣ್ಣೆ ಹತ್ತಿದ ಕಪ್ಪು ಧೂಳು ಕಂಡರೆ ಆ ಬದಿಯ ಸೀಲ್ ಹೋಗಿದೆ. ಒಂದು ಹೋಗಿದ್ದರೂ ಎರಡೂ ಹಾಕಿ.

ಸುಳ್ಯ: ಇದಕ್ಕೇ ನಾನು ಹೇಳುವುದು, ಫೋರ್ ಸ್ಟ್ರೋಕ್ ತೆಗೊಳ್ಳಿ. ಹುಲ್ಲು ಹೆರೆಯಲು ಅದರಷ್ಟು ಸುಖ ಬೇರೆ ಇಲ್ಲ.

ತೀರ್ಥಹಳ್ಳಿ: ಸುಖ ಯಾರಿಗೆ? ಹೊತ್ತವರನ್ನ ಕೇಳಿ. ಧರೆಯ ಇಳಿಜಾರಿನ ಮೇಲೆ ನಿಂತು ಹೊಡೆಯೋಕೆ ಹಗುರದ ಟೂ ಸ್ಟ್ರೋಕೇ ಬೇಕು.

ಸುಳ್ಯ: ನಿಮ್ಮದು ಬರೀ ಹೊಗೆ. ಹೊತ್ತವರನ್ನು ಅದನ್ನೂ ಕೇಳಿ.

ಶಿವಮೊಗ್ಗ: ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯೋ ಪಂಪಿನ ಎಂಜಿನ್, ಹಗ್ಗ ಎಳೆದರೆ ಕೈಗೆ ವಾಪಸ್ ಒದೆಯುತ್ತದೆ. ಯಾಕೆ ಅಣ್ಣಾ?

ತೀರ್ಥಹಳ್ಳಿ: ಫೋರ್ ಸ್ಟ್ರೋಕ್ ಬಿಳಿ ಹೊಗೆ ಬಿಡೋದನ್ನ ನಾವೂ ನೋಡಿದೀವಿ.

ಮೆಕ್ಯಾನಿಕ್: ಅದು ಆಯಿಲ್ ಹೆಚ್ಚು ಹೊಯ್ದದ್ದಕ್ಕೆ. ಹೋಂಡಾ ಜಿ.ಎಕ್ಸ್.35 ಫೋರ್ ಸ್ಟ್ರೋಕ್ ಎಂಜಿನ್ ಹಿಡಿಯುವುದೇ 100 ಎಂ.ಎಲ್., 10ಡಬ್ಲ್ಯೂ-30 ದರ್ಜೆಯ ಆಯಿಲ್. ಮಿಷನ್ ಸಮತಟ್ಟಾಗಿಟ್ಟು ಹೊಯ್ಯಿರಿ, ಬಾಯಿ ಅಂಚಿಗೆ ಬಂದರೆ ಸಾಕು. ತಣ್ಣಗಿರುವಾಗ ಅದರ ವಾಲ್ವ್ ಸಂದು ಇನ್‌ಲೆಟ್ 0.08, ಎಕ್ಸಾಸ್ಟ್ 0.11 ಮಿ.ಮೀ. ಅದನ್ನು ನೋಡಿಸದೆ ವರ್ಷಗಟ್ಟಲೆ ಓಡಿಸಿ, ಸ್ಟಾರ್ಟ್ ಆಗೋದಿಲ್ಲ ಅಂತ ಬರುತ್ತೀರಿ. ಯಾವುದು ಮೇಲು ಅನ್ನುವ ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಬೆಳ್ತಂಗಡಿ: 2ಟಿ ಎಷ್ಟು ಹಾಕ್ಬೇಕು ಸರ್?

ಮೆಕ್ಯಾನಿಕ್: ಮೇಲಿದೆ.

ಸಾಗರ: 2ಟಿ ಬದಲು ಬೈಕಿಂದ ತೆಗೆದ ಹಳೇ ಆಯಿಲ್ ಸೋಸಿ ಹಾಕಬಹುದಂತೆ. ಇನ್ನೊಂದು ಗ್ರೂಪಲ್ಲಿ ವಿಡಿಯೋನೇ ಇದೆ.

ಮೆಕ್ಯಾನಿಕ್: ಅದು ಉರಿದುಹೋಗಲು ಮಾಡಿದ ಆಯಿಲ್ ಅಲ್ಲ. ಬೂದಿ ಪ್ಲಗ್ಗಿನಲ್ಲಿ, ಸೈಲೆನ್ಸರಿನ ಜಾಲರಿಯಲ್ಲಿ ಕಟ್ಟುತ್ತದೆ. ಸ್ಟಾರ್ಟ್ ಆಗುತ್ತದೆ, ರೇಸ್ ಏರುವುದಿಲ್ಲ. ಬಟ್ಟೆಯಲ್ಲಿ ಸೋಸಿದರೆ ಲೋಹದ ಪುಡಿ ನಿಲ್ಲುವುದಿಲ್ಲ, ಬೇರಿಂಗ್ ತಿನ್ನುತ್ತದೆ. ಒಂದು ಲೀಟರಿಗೆ 20 ಎಂ.ಎಲ್. ಆಯಿಲ್ ಉಳಿಸಲು ಎಂಜಿನ್ ಕಳೆಯುತ್ತೀರಾ?

ಸಾಗರ: ಬಂದದ್ದನ್ನ ಹಾಕಿದೆ ಅಷ್ಟೆ. ಇಷ್ಟು ಸಿಟ್ಟು ಯಾಕೆ?

ಕೊಪ್ಪ: ಯಾರೋ ನಂಬಿ ಹಾಕ್ತಾರೆ, ಅದಕ್ಕೆ. ಡಿಲೀಟ್ ಮಾಡಿ ಮಾರಾಯ್ರೆ.

ಯಲ್ಲಾಪುರ: ಆಯಿಲ್ ಅಳತೆ ಇನ್ನೊಮ್ಮೆ ಹೇಳಿ.

ಮೆಕ್ಯಾನಿಕ್: ಮೇಲೆ ಓದಿ.

ಶಿವಮೊಗ್ಗ: ಪಂಪ್ ಒದೆಯೋದು ಕೇಳಿದ್ದೆ.

ಸುಳ್ಯ: ಧರೆ ಮೇಲೆ ಹೊಡೆಯೋಕೆ ಬೆನ್ನಿಗೆ ಹಾಕುವಂಥದ್ದೂ ಫೋರ್ ಸ್ಟ್ರೋಕಲ್ಲಿ ಬರ್ತದೆ, ಗೊತ್ತಿಲ್ಲದೆ ಮಾತಾಡಬಾರದು.

ಅಡ್ಮಿನ್: ಸುಳ್ಯ, ತೀರ್ಥಹಳ್ಳಿ, ಇಬ್ಬರೂ ಸಾಕು.

ಶಿರಸಿ: ಸೈಲೆನ್ಸರ್ ಬಿಚ್ಚಿ ನೋಡ್ದೆ. ಪಿಸ್ಟನ್ ಮೇಲೆ ನಾಲ್ಕೈದು ಸಣ್ಣ ಗೀರು ಇದೆ. ಕ್ಲಚ್ ಒಳಗೆ ಎಣ್ಣೆ ಧೂಳು ಮೆತ್ತಿದೆ. ನಾಳೆ ಒಂದಿನ ಹೊಡೆದು ಮುಗಿಸಿ ರಿಪೇರಿಗೆ ಕೊಟ್ರೆ ಆಗ್ತದಾ?

ಮೆಕ್ಯಾನಿಕ್: ಆಗುವುದಿಲ್ಲ. ಆ ಒಂದು ದಿನದಲ್ಲೇ ಪಿಸ್ಟನ್ ಹಿಡಿದುಕೊಳ್ಳಬಹುದು. ಗೀರಿಗೆ ಉಗುರು ಅಡ್ಡ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಎರಡೂ ಸೀಲ್, ಬ್ಲಾಕಿನ ಗ್ಯಾಸ್ಕೆಟ್ ಹಾಕಿಸಿ, ಮತ್ತೆ 7 ಪಿ.ಎಸ್.ಐ. ನಿಲ್ಲುತ್ತದಾ ನೋಡಿ. ಸಿಕ್ಕಿಕೊಂಡರೆ ಸಿಲಿಂಡರ್ ಬಿಚ್ಚಿಸಿ ಒಳಗೋಡೆ ನೋಡಿಸಬೇಕು. ಪಿಸ್ಟನ್ ಹೊಸದು ಹಾಕಿ ಸೀಲ್ ಹಳೇದೇ ಬಿಡುತ್ತೇನೆ ಅಂದರೆ ಆ ಅಂಗಡಿಗೆ ಕೊಡಬೇಡಿ. ನಾಳೆಗೆ ಯಾರದ್ದಾದರೂ ಮಿಷನ್ ಬಾಡಿಗೆಗೆ ತನ್ನಿ.