ಪಕ್ಕದ ಮನೆಯವರ ಕಾರ್ ಶೆಡ್ಡಿಗೆ ವಿನಾಯಿತಿ: ಆಕ್ಷೇಪಣೆ ಹಾಕಬೇಕಾ, ಬೇಡವಾ?

ಪ್ರಶ್ನೆ

ನಮ್ಮ ಪಕ್ಕದ ಮನೆಯವರು ಮನೆ ಮುಂದಿನ ಖಾಲಿ ಜಾಗದಲ್ಲಿ ಕಾರ್ ಶೆಡ್ಡು ಹಾಕಲು ಹೊರಟಿದ್ದಾರೆ. ನಿಯಮದ ಪ್ರಕಾರ ರಸ್ತೆ ಕಡೆ 6 ಮೀಟರ್ ಸೆಟ್‌ಬ್ಯಾಕ್, ಅಂದರೆ ಏನೂ ಕಟ್ಟದ ಖಾಲಿ ಜಾಗ, ಬಿಡಬೇಕು. ಅವರು 1 ಮೀಟರ್ ಮಾತ್ರ ಬಿಡುತ್ತೇವೆ ಅಂತ ವಿನಾಯಿತಿ ಕೇಳಿದ್ದಾರೆ. ಅಕ್ಕಪಕ್ಕದವರಿಗೆಲ್ಲ ನೋಟಿಸ್ ಬಂದಿದೆ. ಮೂರು ವಾರ ಬಿಟ್ಟು ವಿಚಾರಣೆ ಇದೆ.

ಹನ್ನೆರಡು ವರ್ಷದಿಂದ ನಾವು ಚೆನ್ನಾಗಿದ್ದೇವೆ. ಅವರ ಮನೆ ಬೀಗದ ಕೈ ನಮ್ಮ ಹತ್ತಿರ ಇರುತ್ತದೆ, ನಮ್ಮದು ಅವರ ಹತ್ತಿರ. ಆದರೆ ಶೆಡ್ಡು ಬಂದರೆ ನಮ್ಮ ಹಾಲ್‌ನ (ನಡುಮನೆಯ) ಕಿಟಕಿಗೆ ಬೆಳಕು ಕಡಿಮೆಯಾಗಬಹುದು. ಗೇಟಿನಿಂದ ಕಾರು ಹಿಂದಕ್ಕೆ ತೆಗೆಯುವಾಗ ರಸ್ತೆ ಕಾಣಿಸದೆ ಹೋದರೆ ಎಂಬ ಭಯವೂ ಇದೆ. ಎದುರು ಮನೆಯವರು ಆಕ್ಷೇಪಣೆಯ ಕಾಗದಕ್ಕೆ ಎಲ್ಲರ ಸಹಿ ತೆಗೆದುಕೊಳ್ಳುತ್ತಿದ್ದಾರೆ, ನನಗೂ ಹಾಕಿ ಅಂತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಸಹಿ ಹಾಕಿ ಸೋತವರು

ಅಕ್ಕಾ, ಆ ಕಾಗದಕ್ಕೆ ಈಗಲೇ ಸಹಿ ಹಾಕಬೇಡಿ. ನಾಲ್ಕು ವರ್ಷದ ಹಿಂದೆ ನಾನು ಹಾಕಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಪಕ್ಕದವರು ಮನೆ ಮುಂದೆ ಎತ್ತರದ ಕಾಂಪೌಂಡ್ ಗೋಡೆ ಕಟ್ಟಲು ವಿನಾಯಿತಿ ಕೇಳಿದ್ದರು. ಬೀದಿಯವರೆಲ್ಲ ಸೇರಿ ಮೂವತ್ತೊಂದು ಸಹಿ ಮಾಡಿದೆವು. ಆ ಕಾಗದದಲ್ಲಿ ಎಲ್ಲರ ಸಿಟ್ಟೂ ಸೇರಿಕೊಂಡಿತ್ತು. ಅವರ ನಾಯಿ ಬೊಗಳುತ್ತದೆ, ನೆಂಟರು ಬಂದಾಗ ಕಾರು ಅಡ್ಡ ನಿಲ್ಲಿಸುತ್ತಾರೆ, ಬೀದಿಯ ಚೆಂದ ಕೆಡುತ್ತದೆ, ಹೀಗೆ. ವಿಚಾರಣೆಯಲ್ಲಿ ಸಮಿತಿಯವರು ಒಂದೇ ಪ್ರಶ್ನೆ ಕೇಳಿದರು. ಈ ಗೋಡೆಯಿಂದ ನಿಮ್ಮಲ್ಲಿ ಯಾರಿಗೆ, ಏನು, ಎಷ್ಟು ತೊಂದರೆ? ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ವಿನಾಯಿತಿ ಸಿಕ್ಕಿತು.

ನಿಜವಾದ ತೊಂದರೆ ಇದ್ದದ್ದು ನಮ್ಮ ಮನೆಗೆ. ನಮ್ಮ ಅಂಗಳದ ಮಳೆನೀರು ಅವರ ಮುಂದಿನ ಜಾಗದ ಮೇಲೆ ಹಾದು ಚರಂಡಿ ಸೇರುತ್ತಿತ್ತು. ಗೋಡೆಯ ಬುಡದಲ್ಲಿ ನಾಲ್ಕು ತೂತು ಬಿಡಿ ಅಂತ ಕೇಳಿದ್ದರೆ ಸಾಕಿತ್ತು. ಮೂವತ್ತೊಂದು ಸಹಿಯ ಕಾಗದದಲ್ಲಿ ಆ ಒಂದು ಮಾತೇ ಇರಲಿಲ್ಲ. ಮುಂದಿನ ಮಳೆಗಾಲ ಪೂರ್ತಿ ಅಂಗಳದಲ್ಲಿ ನೀರು ನಿಂತಿತು. ಆಮೇಲೆ ಅವರ ಮನೆಗೆ ಹೋಗಿ ತೋರಿಸಿದಾಗ ಆ ಯಜಮಾನರು, "ಮೊದಲೇ ಹೇಳಬಾರದಿತ್ತಾ ಅಮ್ಮ? ನನ್ನ ನಾಯಿ ಬಗ್ಗೆ ಬರೆದಿರಿ, ನೀರಿನ ಬಗ್ಗೆ ಬರೆಯಲಿಲ್ಲವಲ್ಲ" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ನಿಮ್ಮ ಎರಡು ಭಯಗಳನ್ನೂ ಅಳೆಯಿರಿ. ಅವರ ಅರ್ಜಿಯ ಜೊತೆ ನಕ್ಷೆ ಇದ್ದೇ ಇರುತ್ತದೆ. ನೋಟಿಸ್ ಬಂದವರಿಗೆ ಅದನ್ನು ನೋಡಲು ಕೊಡುತ್ತಾರೆ. 1:100 ಅಳತೆಯ ನಕ್ಷೆಯಾದರೆ ಕಾಗದದ ಮೇಲಿನ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಮೀಟರ್. ಸ್ಕೇಲ್ ಇಟ್ಟು ನೀವೇ ನೋಡಬಹುದು. ಆಮೇಲೆ ಅವರ ಒಪ್ಪಿಗೆ ಪಡೆದು ಕಂಬ ಬರುವ ಜಾಗದಲ್ಲಿ ಎರಡು ಕೋಲು ನಿಲ್ಲಿಸಿ, ಮೇಲೆ ಹಗ್ಗ ಕಟ್ಟಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಿಮ್ಮ ಕಿಟಕಿಯಿಂದ ಫೋಟೊ ತೆಗೆಯಿರಿ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾಗ 3 ಮೀಟರ್ ಎತ್ತರದ ಶೆಡ್ಡಿನ ನೆರಳು 3 ಮೀಟರ್ ಬೀಳುತ್ತದೆ. 30 ಡಿಗ್ರಿಗೆ ಇಳಿದಾಗ 5 ಮೀಟರಿಗಿಂತ ಸ್ವಲ್ಪ ಜಾಸ್ತಿ. ಬಿಸಿಲು ಹೆಚ್ಚು ವಾಲುವ ತಿಂಗಳುಗಳ ಲೆಕ್ಕವನ್ನೂ ಹಾಕಿ ನೋಡಿ. ನೆರಳು ಕಿಟಕಿಯ ತನಕ ಬರುವುದೇ ಇಲ್ಲ ಅಂತ ಗೊತ್ತಾದರೆ ಅರ್ಧ ಚಿಂತೆ ಅಲ್ಲೇ ಇಳಿಯುತ್ತದೆ.

ನಕ್ಷೆ ಬರೆಯುವ ಕೆಲಸದವರು

ಮೇಲಿನವರು ಹೇಳಿದ್ದು ಸರಿ. ಸಮಿತಿ ಹೇಗೆ ಯೋಚಿಸುತ್ತದೆ ಅನ್ನುವುದನ್ನು ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನ ಜಗಳ ಅದು ಗೊತ್ತಿಲ್ಲದೆ ಹುಟ್ಟುತ್ತದೆ.

ವಿನಾಯಿತಿ ಅನ್ನುವುದು ಸುಮ್ನೆ ಪರಿಚಯದ ಮೇಲೆ ಕೊಡುವ ಉಪಕಾರ ಅಂತ ಜನ ತಿಳಿದಿದ್ದಾರೆ. ಅದರ ಹುಟ್ಟು ಬೇರೆ. ನ್ಯೂಯಾರ್ಕಿನಲ್ಲಿ 1915ರಲ್ಲಿ ಎಕ್ವಿಟಬಲ್ ಬಿಲ್ಡಿಂಗ್ ಎಂಬ 38 ಮಹಡಿಯ ಕಟ್ಟಡ ಎದ್ದು ಸುತ್ತಲಿನ ಕಟ್ಟಡಗಳ ಬೆಳಕನ್ನೆಲ್ಲ ಮುಚ್ಚಿತು. ಮರುವರ್ಷ, 1916ರಲ್ಲಿ, ಇಡೀ ಊರಿಗೆ ಅನ್ವಯಿಸುವ ವಲಯ ನಿಯಮ, ಅಂದರೆ ಯಾವ ಭಾಗದಲ್ಲಿ ಏನನ್ನು ಎಷ್ಟು ಕಟ್ಟಬಹುದು ಅನ್ನುವ ನಿಯಮ, ಅಲ್ಲಿ ಬಂತು. ಅದರ ಜೊತೆಗೇ ಮೇಲ್ಮನವಿ ಕೇಳುವ ಒಂದು ಮಂಡಳಿಯನ್ನೂ ಮಾಡಿದರು. ಎಲ್ಲ ಸೈಟಿಗೂ ಒಂದೇ ಅಳತೆ ಹಾಕಿದರೆ ಕೆಲವರಿಗೆ ಅನ್ಯಾಯವಾಗುತ್ತದೆ ಅಂತ ಆಗಲೇ ಗೊತ್ತಿತ್ತು. ತ್ರಿಕೋನ ಆಕಾರದ ಸೈಟು, ಹಿಂದೆ ಬಂಡೆ ಇರುವ ಸೈಟು, ತೀರಾ ಇಳಿಜಾರಿನ ಸೈಟು, ಇಂಥವಕ್ಕೆ ಒಂದು ದಾರಿ ಬೇಕಿತ್ತು.

ಹಾಗಾಗಿ ಈ ಪದ್ಧತಿ ಇರುವ ಹೆಚ್ಚಿನ ಕಡೆ ಸಮಿತಿ ಮೊದಲು ನೋಡುವುದು ಇದನ್ನೇ: ಕಷ್ಟ ಜಾಗದ್ದೋ, ಮಾಲೀಕರು ತಾವೇ ತಂದುಕೊಂಡದ್ದೋ? ಹಿಂದೆ ಗ್ಯಾರೇಜ್ ಇತ್ತು, ಅದನ್ನು ಕೋಣೆ ಮಾಡಿಕೊಂಡೆವು, ಈಗ ಕಾರಿಗೆ ಜಾಗ ಇಲ್ಲ ಅಂದರೆ ಅದು ತಾವೇ ತಂದುಕೊಂಡ ಕಷ್ಟ. ಪಕ್ಕದಲ್ಲಿ ಕಾರು ಹೋಗುವಷ್ಟು ಅಗಲ ಮೊದಲಿನಿಂದಲೂ ಇಲ್ಲ, ಹಿಂದೆ ಹೋಗಲು ದಾರಿಯೇ ಇಲ್ಲ ಅಂದರೆ ಅದು ಜಾಗದ ಕಷ್ಟ. ನಿಮ್ಮ ಪಕ್ಕದವರದು ಯಾವುದು ಅಂತ ಅರ್ಜಿಯಲ್ಲಿ ಓದಿ.

ಎರಡನೆಯದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ವಿನಾಯಿತಿ ಸಾಮಾನ್ಯವಾಗಿ ಜಾಗಕ್ಕೆ ಸಿಗುತ್ತದೆ. ಮಾಲೀಕರು ಮನೆ ಮಾರಿ ಹೋದರೂ ಅದು ಅಲ್ಲೇ ಉಳಿಯುತ್ತದೆ. ಇವರು ಒಳ್ಳೆಯವರು, ಶೆಡ್ಡಿಗೆ ಗೋಡೆ ಕಟ್ಟಲ್ಲ ಅಂತಾರೆ, ನೀವು ನಂಬುತ್ತೀರಿ. ನಾಳೆ ಬರುವವರು ಮೂರು ಕಡೆ ಮುಚ್ಚಿ ಅಂಗಡಿ ಮಾಡಿಕೊಂಡರೆ? ಆದ್ದರಿಂದ ಇವರ ಗುಣವನ್ನು ಅಳೆಯಬೇಡಿ, ಶೆಡ್ಡನ್ನು ಅಳೆಯಿರಿ. ಅವರು ಬಾಯಲ್ಲಿ ಒಪ್ಪಿದ್ದೆಲ್ಲ ಆದೇಶದಲ್ಲಿ ಷರತ್ತಾಗಿ ಬರಲಿ. ಪಕ್ಕಗಳು ತೆರೆದಿರಬೇಕು, ಎತ್ತರ ಇಷ್ಟೇ, ನೀರು ಅವರ ಜಾಗದಲ್ಲೇ ಇಳಿಯಬೇಕು ಅಂತ ಸಮಿತಿ ಬರೆಯಬಹುದು. ಬರೆದರೆ ಮುಂದೆ ಬರುವವರಿಗೂ ಅದೇ ಕಟ್ಟುಪಾಡು.

ಇನ್ನೊಂದು: 1 ಮೀಟರ್ ಅಂದರೆ ಎಲ್ಲಿಂದ ಎಲ್ಲಿಗೆ? ಕೆಲವು ಕಡೆ ಕಂಬದ ತನಕ ಅಳೆಯುತ್ತಾರೆ, ಕೆಲವು ಕಡೆ ಸೂರಿನ ಅಂಚಿನ ತನಕ. ಸೂರು 60 ಸೆಂಟಿಮೀಟರ್ ಹೊರಗೆ ಚಾಚಿದರೆ ಅಲ್ಲೇ ವ್ಯತ್ಯಾಸ. ಜೊತೆಗೆ, ರಸ್ತೆಯ ಡಾಂಬರು ಮುಗಿಯುವಲ್ಲಿ ಸೈಟು ಶುರುವಾಗುತ್ತದೆ ಅಂತ ತಿಳಿಯಬೇಡಿ. ರಸ್ತೆಗೆ ಸೇರಿದ ಜಾಗ ಅದಕ್ಕಿಂತ ಒಳಗೆ ಬಂದಿರುವುದು ಬಹಳ ಸಲ ಇರುತ್ತದೆ. ಸರ್ವೆ ಕಲ್ಲು ಎಲ್ಲಿದೆ ನೋಡಿ. ನೀರಿನ ಪೈಪು, ಕೇಬಲ್ಲು ಕೂಡ ಅದೇ ಪಟ್ಟಿಯಲ್ಲಿ ಹೋಗಿರಬಹುದು.

ಬಾಯಿಮಾತು ನಂಬಿದವರು

ನಾನು ಒಂದು ಎಚ್ಚರಿಕೆ ಹೇಳಲು ಬಂದೆ. ಮಾತಾಡಿ, ಖಂಡಿತ ಮಾತಾಡಿ. ಆದರೆ ಆಕ್ಷೇಪಣೆ ಕೊಡುವ ಕೊನೆ ದಿನ ದಾಟಲು ಬಿಡಬೇಡಿ.

ನಮ್ಮ ಪಕ್ಕದವರು "ಬಿಡಿ ಸರ್, ನಿಮಗೆ ತೊಂದರೆ ಆಗೋ ಹಾಗೆ ನಾವು ಕಟ್ತೀವಾ?" ಅಂದರು. ನಾನು ವಿಚಾರಣೆಗೂ ಹೋಗಲಿಲ್ಲ, ಒಂದು ಸಾಲೂ ಬರೆದುಕೊಡಲಿಲ್ಲ. ಕಟ್ಟಿದ್ದು ಬೇರೆ. ಆಮೇಲೆ ಹೋಗಿ ವಿಚಾರಿಸಿದರೆ ಮೇಲ್ಮನವಿಯ ದಿನಗಳೂ ಮುಗಿದಿದ್ದವು. ವಿಚಾರಣೆಯಲ್ಲಿ ನೀವು ಏನೂ ಹೇಳಿಲ್ಲವಲ್ಲ ಅಂತ ಕೇಳಿದರು.

ಬರೆದುಕೊಡುವುದು ಅಂದರೆ ಜಗಳ ಅಂತ ಅರ್ಥ ಅಲ್ಲ. "ಶೆಡ್ಡಿಗೆ ನಮ್ಮ ವಿರೋಧವಿಲ್ಲ, ಈ ಮೂರು ಷರತ್ತು ಹಾಕಿದರೆ ಸಾಕು" ಅಂತಲೂ ಬರೆಯಬಹುದು. ಅದರ ಒಂದು ಪ್ರತಿಯನ್ನು ನೀವೇ ಅವರ ಕೈಗೆ ಕೊಡಿ. ವಿಚಾರಣೆಯ ದಿನ ಮೊದಲ ಸಲ ನೋಡುವ ಹಾಗೆ ಮಾಡಬೇಡಿ. ಅದು ನಂಬಿಕೆ ಮುರಿಯುತ್ತದೆ.

ಅರ್ಜಿ ಹಾಕಿದ ಕಡೆಯಿಂದ ಒಬ್ಬರು

ನಾನು ಆ ಕಡೆ ನಿಂತವಳು. ನಮ್ಮ ಮನೆ ಮುಂದೆ ಗಾಲಿಕುರ್ಚಿ ಹತ್ತಲು ಇಳಿಜಾರು ಕಟ್ಟಬೇಕಿತ್ತು. ಅತ್ತೆಗೆ ನಡೆಯಲು ಆಗುತ್ತಿರಲಿಲ್ಲ. ಬಾಗಿಲಿನ ಮುಂದೆ ಐದು ಮೆಟ್ಟಿಲು. 1ಕ್ಕೆ 12ರ ಇಳಿಜಾರು ಬೇಕು, ಅಂದರೆ 75 ಸೆಂಟಿಮೀಟರ್ ಎತ್ತರಕ್ಕೆ 9 ಮೀಟರ್ ಉದ್ದ. ಸೆಟ್‌ಬ್ಯಾಕ್ ಬಿಟ್ಟರೆ ಅದಕ್ಕೆ ಜಾಗ ಸಾಲುತ್ತಿರಲಿಲ್ಲ.

ನೋಟಿಸ್ ಹೋದ ದಿನದಿಂದ ಬೀದಿಯಲ್ಲಿ ಜನ ಮಾತು ನಿಲ್ಲಿಸಿದರು. ಯಾರೂ ಬಂದು ಏನು ಕಟ್ಟುತ್ತೀರಿ ಅಂತ ಕೇಳಲಿಲ್ಲ. ಒಬ್ಬರು ಮಾತ್ರ ಟೇಪು ಹಿಡಿದುಕೊಂಡು ಬಂದರು. ಅವರ ಗಿಡಗಳ ಸಾಲಿಗೆ ಇಳಿಜಾರು ತಾಗುತ್ತದೆ ಅಂತ ಅವರ ಚಿಂತೆ. ಇಬ್ಬರೂ ಕೂತು ಅಳೆದೆವು. ನೇರ ಹೋಗುವ ಬದಲು ನಡುವೆ ಒಂದು ತಿರುವು ಕೊಟ್ಟೆವು. ಗಿಡ ಉಳಿಯಿತು. ಅವರು ವಿಚಾರಣೆಗೆ ಬಂದು ನಮ್ಮ ಪರವಾಗಿ ಎರಡು ಮಾತು ಆಡಿದರು.

ಅಂಗವೈಕಲ್ಯ ಇರುವವರ ವಿಷಯದಲ್ಲಿ ಲೆಕ್ಕವೇ ಬೇರೆ ಅಂತ ಆಗ ತಿಳಿಯಿತು. 2006ರ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲೇ ಅವರಿಗಾಗಿ ಅಗತ್ಯ ಹೊಂದಾಣಿಕೆ ಮಾಡಿಕೊಡಬೇಕು ಅಂತಿದೆ. ನಮಗೆ ಸಿಕ್ಕಿದ ಅನುಮತಿ ಅತ್ತೆಯ ಅಗತ್ಯ ಇರುವ ತನಕ ಮಾತ್ರ, ಆಮೇಲೆ ತೆಗೆಯಬೇಕು ಅಂತ ಷರತ್ತು. ಅದಕ್ಕೇ ಕಾಂಕ್ರೀಟ್ ಬಿಟ್ಟು ಮರದ ಹಲಗೆಯಲ್ಲಿ ಮಾಡಿಸಿದೆವು.

ನಿಮ್ಮ ಪಕ್ಕದವರಿಗೆ ಶೆಡ್ಡು ಈಗಲೇ ಯಾಕೆ ಬೇಕಾಗಿದೆ? ಕೇಳಿದ್ದೀರಾ ಅಕ್ಕ? ಅರ್ಜಿಯಲ್ಲಿ ಎಲ್ಲವನ್ನೂ ಯಾರೂ ಬರೆಯುವುದಿಲ್ಲ.

ಮೂಲೆ ಸೈಟಿನವರು

ಕಾರು ತೆಗೆಯುವ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ನಮ್ಮದು ಮೂಲೆ ಸೈಟು, ಎರಡೂ ರಸ್ತೆ ಕಡೆ ಮುಂಭಾಗ ಅಂತಲೇ ಲೆಕ್ಕ, ಆದ್ದರಿಂದ ಇದನ್ನು ಬಹಳ ಅಳೆದಿದ್ದೇನೆ. ಕಾರಿನಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 1 ಮೀಟರಿಗಿಂತ ಸ್ವಲ್ಪ ಮೇಲಿರುತ್ತದೆ. ಐದು ವರ್ಷದ ಮಗುವಿನ ಎತ್ತರವೂ ಹೆಚ್ಚು ಕಡಿಮೆ ಅಷ್ಟೇ. ತೆಳ್ಳಗಿನ ಎರಡು ಕಂಬ ಅಷ್ಟಾಗಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಅಲ್ಲಿ ನಿಂತ ಕಾರು, ಮತ್ತೆ ಕಂಬಗಳ ನಡುವೆ ಆಮೇಲೆ ಬೆಳೆಸುವ ಬೇಲಿ ಗಿಡ. ಹಿಂದಕ್ಕೆ ತೆಗೆಯುವ ಬದಲು ಮೂತಿ ಮುಂದೆ ಮಾಡಿ ಹೊರಡುವ ಹಾಗೆ ನಿಲ್ಲಿಸಿ, ಇವತ್ತಿನಿಂದಲೇ. ಬೇಲಿಯ ಎತ್ತರಕ್ಕೆ ಷರತ್ತು ಕೇಳಿ.

ಸಹಿ ಹಾಕಿ ಸೋತವರು

ನೀರಿನ ಲೆಕ್ಕ ಹೇಳುವುದು ಮರೆತೆ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 6 ಮೀಟರ್ ಉದ್ದ, 3 ಮೀಟರ್ ಅಗಲದ ಶೀಟಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರ್. ಶೀಟು ನಿಮ್ಮ ಕಡೆ ವಾಲಿದ್ದರೆ ಅಷ್ಟೂ ನಿಮ್ಮ ಕಾಂಪೌಂಡಿನ ಬುಡಕ್ಕೆ.

ಕೇಳಿದವರು, ವಿಚಾರಣೆ ಮುಗಿದ ಮೇಲೆ

ಎಲ್ಲರಿಗೂ ಕೈಮುಗಿಯುತ್ತೇನೆ. ಏನಾಯಿತು ಅಂತ ಬರೆಯಬೇಕು ಅನ್ನಿಸಿತು.

ನಾನು ಮೊದಲು ನಕ್ಷೆ ನೋಡಿದೆ. ಶೀಟು ನಮ್ಮ ಕಡೆಗೇ ವಾಲಿತ್ತು. ಆಮೇಲೆ ಅವರ ಮನೆಗೆ ಹೋದೆ. ಶೆಡ್ಡು ಯಾಕೆ ಅಂತ ಕೇಳಿದಾಗ ಆ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರ ಯಜಮಾನರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಅಂತೆ. ಮಳೆಯಲ್ಲಿ ನೆನೆಯದೆ ಕಾರು ಹತ್ತಿಸಬೇಕು. ಪಕ್ಕದ ಮನೆಯಲ್ಲೇ ಇದ್ದು ನನಗೆ ಇದು ಗೊತ್ತೇ ಇರಲಿಲ್ಲ.

ಕೋಲು ನೆಟ್ಟು ಹಗ್ಗ ಕಟ್ಟಿದೆವು. ನೆರಳು ಕಿಟಕಿಗೆ ಬೆಳಿಗ್ಗೆ ಒಂದು ಗಂಟೆ ಹೊತ್ತು ಮಾತ್ರ ಬರುತ್ತದೆ, ಅದೂ ಅರ್ಧದ ತನಕ. ಅದಕ್ಕೆ ನಾನು ಒಪ್ಪಿದೆ. ಅವರ ಕಾರು 4 ಮೀಟರ್ ಉದ್ದದ್ದು, 6 ಮೀಟರ್ ಶೆಡ್ಡು ಬೇಕಾಗಿಯೇ ಇರಲಿಲ್ಲ. 4.5 ಮೀಟರಿಗೆ ಇಳಿಸಿದರು. ಹಾಗಾಗಿ ರಸ್ತೆ ಕಡೆ 1 ಮೀಟರ್ ಬದಲು 2.5 ಮೀಟರ್ ಬಿಟ್ಟಂತಾಯಿತು, ನಮ್ಮ ಗೇಟಿನಿಂದ ರಸ್ತೆ ಕಾಣುತ್ತದೆ. ಇಷ್ಟನ್ನೂ ಬರೆದು ಇಬ್ಬರೂ ಒಟ್ಟಿಗೆ ಕೊಟ್ಟೆವು. ಪಕ್ಕಗಳು ತೆರೆದಿರಬೇಕು, ಮುಂದಿನ ಬೇಲಿ 90 ಸೆಂಟಿಮೀಟರ್ ದಾಟಬಾರದು, ಶೀಟು ಅವರ ತೋಟದ ಕಡೆ ವಾಲಬೇಕು ಅಂತ ಆದೇಶದಲ್ಲೇ ಬಂದಿದೆ.

ಎದುರು ಮನೆಯವರಿಗೆ ನನ್ನ ಮೇಲೆ ಬೇಸರ ಇದೆ. ನಾಳೆ ಎಲ್ಲರೂ ಹೀಗೇ ಕೇಳುತ್ತಾರೆ ಅನ್ನುವುದು ಅವರ ಮಾತು. ಅದರಲ್ಲಿ ಸತ್ಯ ಇಲ್ಲ ಅಂತ ನಾನು ಹೇಳಲಾರೆ. ಆದರೆ ಸಮಿತಿಯವರು ಆದೇಶದಲ್ಲಿ, ಈ ಸೈಟಿನ ಪಕ್ಕದಲ್ಲಿ ಕಾರು ಹೋಗುವಷ್ಟು ಅಗಲ ಇಲ್ಲ, ಅದಕ್ಕೆ ಕೊಟ್ಟಿದ್ದೇವೆ ಅಂತ ಕಾರಣ ಬರೆದಿದ್ದಾರೆ. ಅದರ ಪ್ರತಿಯನ್ನು ಅವರಿಗೂ ಕೊಟ್ಟು ಬಂದೆ, ಇನ್ನೂ ಓದಿಲ್ಲ ಅಂದರು.

ಕಂಬ ನೆಟ್ಟಾಗಿದೆ. ಶೀಟು ಮುಂದಿನ ವಾರ ಹಾಕುತ್ತಾರೆ. ಮೊದಲ ಜೋರು ಮಳೆ ಬಂದಾಗ ನೀರು ಯಾವ ಕಡೆ ಇಳಿಯಿತು ಅಂತ ನೋಡಿ ಇಲ್ಲೇ ಬರೆಯುತ್ತೇನೆ.